ಜೆಲ್ ಪೆನ್ನಿನಲ್ಲಿ ಬರೆದ ಪಂದ್ಯಗಳು

2025ರ ಜೂನ್ ತಿಂಗಳ ಒಂದು ಭಾನುವಾರ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಟ್ಟದ ಮೂಲೆಯಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಏಣಿ ಹಾಕಿ ಹತ್ತಿದೆ. ಹಳೆ ಹಾಸಿಗೆ, ಚಾಪೆ ಎಲ್ಲ ನೆನೆದಿದ್ದವು. ಅವು ಹೋದರೆ ಹೋಗಲಿ ಅನ್ನಿಸಿತು. ಆದರೆ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಎತ್ತಲು ಹೋದರೆ ತಳ ಕಿತ್ತುಕೊಂಡು ಬಂತು. ಒಳಗಿದ್ದ ಉದ್ದನೆಯ ನೋಟ್‌ಬುಕ್ಕು ನೀರು ಕುಡಿದು ಎರಡರಷ್ಟು ದಪ್ಪ ಆಗಿತ್ತು.

ಅದು ನನ್ನ ಬೆಂಗಳೂರು ಎಫ್‌ಸಿ ಪುಸ್ತಕ, ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಪಂದ್ಯಗಳ ಲೆಕ್ಕ. ಕೈಯಲ್ಲಿ ಹಿಡಿದು ಏಣಿ ಮೇಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಅದನ್ನು ತಂದುಕೊಟ್ಟವರು ಅಪ್ಪ. 2013ರ ಜುಲೈನಲ್ಲಿ ಕ್ಲಬ್ ಶುರುವಾದ ಹೊಸತು. ಅಪ್ಪ ದೂರವಾಣಿ ನಗರದಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರ ಕಾಲಕ್ಕೆ ಬೆಂಗಳೂರಿನ ಫುಟ್‌ಬಾಲ್ ಅಂದರೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳ ಆಟ. ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಹೋಗುತ್ತಿದ್ದರಂತೆ. "ಎಷ್ಟೊಂದು ಒಳ್ಳೊಳ್ಳೆ ಮ್ಯಾಚ್ ನೋಡಿದೀವಿ. ಒಂದನ್ನೂ ಬರೆದಿಡಲಿಲ್ಲ. ಈಗ ಯಾರು ಎಷ್ಟು ಗೋಲು ಹೊಡೆದರು ಅಂತ ಕೇಳಿದರೆ ನಾವು ನಾಲ್ಕು ಜನ ನಾಲ್ಕು ಲೆಕ್ಕ ಹೇಳ್ತೀವಿ. ನೀನು ಮೊದಲನೇ ದಿನದಿಂದ ಬರೆದಿಡು" ಅಂದಿದ್ದರು.

ಬರೆದಿಟ್ಟೆ. ತಾರೀಕು, ಎದುರಾಳಿ, ಮೈದಾನ, ಸ್ಕೋರು, ನಮ್ಮವರಲ್ಲಿ ಗೋಲು ಹೊಡೆದವರು, ಎಷ್ಟನೇ ನಿಮಿಷ, ಅಂಕ. ಹೀಗೆ ಏಳು ಕಾಲಂ. ಮೊದಲ ಸಾಲು 2013ರ ಸೆಪ್ಟೆಂಬರ್ 22, ಕೋಲ್ಕತ್ತದ ಮೋಹನ್ ಬಗಾನ್ ಎದುರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. 1-1. ಗೋಲು ಶಾನ್ ರೂನಿ. ಅಂಕ ಒಂದು. ಅಲ್ಲಿನ ಪಶ್ಚಿಮ ದಿಕ್ಕಿನ ಕಟ್ಟೆಯ ಮೇಲೆ ಕೂತು ಕೂಗಿದವರೇ ಮುಂದೆ 'ವೆಸ್ಟ್ ಬ್ಲಾಕ್ ಬ್ಲೂಸ್' ಅಂತ ಹೆಸರಾದರು. ನಾನೂ ಅಪ್ಪನೂ ಅವರಿಂದ ಸ್ವಲ್ಪ ದೂರ ಕೂರುತ್ತಿದ್ದೆವು. ಡೋಲಿನ ಸದ್ದಿಗೆ ಅಪ್ಪನಿಗೆ ತಲೆನೋವು ಬರುತ್ತಿತ್ತು.

ಪುಸ್ತಕವನ್ನು ಕೆಳಗೆ ತಂದು ಊಟದ ಮೇಜಿನ ಮೇಲಿಟ್ಟೆ. ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಹೆಂಡತಿ ಪ್ರತಿ ಹಾಳೆ ನಡುವೆ ನ್ಯೂಸ್ ಪೇಪರ್ ಇಟ್ಟು, ಮೇಲಿಂದ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಾ ಹೋದಳು. ಒಂದೊಂದೇ ಹಾಳೆ ಬಿಡಿಸಿದಂತೆ ಒಂದು ವಿಷಯ ಗೊತ್ತಾಯಿತು. ಬಾಲ್ ಪೆನ್ನಿನಲ್ಲಿ ಬರೆದ ಸಾಲುಗಳು ಹಾಗೇ ಇದ್ದವು. ಜೆಲ್ ಪೆನ್ನಿನಲ್ಲಿ ಬರೆದವು ಅಳಿಸಿ ನೀಲಿ ಕಲೆ ಆಗಿದ್ದವು.

ನಾನು ಸಾಧಾರಣ ಪಂದ್ಯಗಳನ್ನು ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದೆ. ದೊಡ್ಡ ಪಂದ್ಯ ಆದರೆ ಜೆಲ್ ಪೆನ್ನು. ಅಕ್ಷರ ಎದ್ದು ಕಾಣಲಿ ಅಂತ.

ಮೊದಲ ಋತುವಿನ ಕೊನೆಯ ಮೊತ್ತ ಉಳಿದಿತ್ತು. 24 ಪಂದ್ಯ, 14 ಗೆಲುವು, 5 ಡ್ರಾ, 5 ಸೋಲು, 47 ಅಂಕ. ಆಡಿದ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಚಾಂಪಿಯನ್! ಆದರೆ ಆ ಪಟ್ಟ ಖಚಿತವಾದ ಪಂದ್ಯದ ಸಾಲೇ ಇರಲಿಲ್ಲ. ಡೆಂಪೊ ತಂಡವನ್ನು ಗೋವಾದಲ್ಲೇ 4-2ರಿಂದ ಸೋಲಿಸಿದ ದಿನ ಅದು. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್ ಹೋಗಿತ್ತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಟೂರ್ನಿಯ 2018ರ ಫೈನಲ್, 2019ರ ಫೈನಲ್ ಹೋಗಿದ್ದವು. ಮಧ್ಯದ ವಾರದಲ್ಲಿ ಅರ್ಧ ಖಾಲಿ ಸ್ಟೇಡಿಯಂನಲ್ಲಿ ನಡೆದ ಡ್ರಾಗಳೆಲ್ಲ ಸುರಕ್ಷಿತ. ನನ್ನ ಅತಿ ಪ್ರೀತಿಯ ದಿನಗಳೇ ನೀರುಪಾಲು. ಹೊಟ್ಟೆ ಉರಿಯಿತು.

ಅಪ್ಪ ಬಂದು ಕುರ್ಚಿ ಎಳೆದುಕೊಂಡು ಕೂತರು. "ಹೊಸ ಪುಸ್ತಕ ತಗೋ. ನೆನಪಿನಿಂದ ಮತ್ತೆ ಬರಿ. ಆಮೇಲೆ ಸರಿ ನೋಡು" ಅಂದರು. ಹಳೆ ಪತ್ರಿಕೆಯ ತುಣುಕುಗಳು, ಟಿಕೆಟ್ ಚೂರುಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅವು ನೆನೆದಿರಲಿಲ್ಲ. ಮಿಕ್ಕದ್ದನ್ನು ಫೋನಿನಲ್ಲಿ ನೋಡಿದರಾಯಿತು. ಹಾಗೆ ಕೂತೆವು. ಬೆಳಿಗ್ಗೆ ಹತ್ತಕ್ಕೆ ಕೂತವರು ಎದ್ದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ.

ಮೊದಲು ಆ ಎಎಫ್‌ಸಿ ಕಪ್ ಸೆಮಿಫೈನಲ್, ಜೊಹೊರ್ ಪಂದ್ಯ. 2016ರ ಅಕ್ಟೋಬರ್ 19, ಬುಧವಾರ, ಕಂಠೀರವ. ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ಹಿಂದಿನ ವರ್ಷದ ಚಾಂಪಿಯನ್. ಅವರ ಊರಲ್ಲಿ ನಾವು 1-1 ಮಾಡಿಕೊಂಡು ಬಂದಿದ್ದೆವು. ಕಂಠೀರವದಲ್ಲಿ ಅವರೇ ಮೊದಲು ಗೋಲು ಹೊಡೆದರು. ನನ್ನ ನೆನಪಿನಲ್ಲಿ ಅದಾದ ಐದು ನಿಮಿಷಕ್ಕೇ ಸುನಿಲ್ ಚೆಟ್ರಿ ಸಮ ಮಾಡಿದರು. ಹಾಗಂತ ಎಷ್ಟೋ ಜನರಿಗೆ ಹೇಳಿದ್ದೇನೆ. ಪತ್ರಿಕೆ ತುಣುಕು ತೆಗೆದು ನೋಡಿದರೆ ಅವರ ಗೋಲು 11ನೇ ನಿಮಿಷ. ಚೆಟ್ರಿ ಗೋಲು 41ನೇ ನಿಮಿಷ.

ಅರ್ಧ ಗಂಟೆ! ಅರ್ಧ ಗಂಟೆ ನಾವು ಹಿಂದೆ ಇದ್ದೆವು. ಆ ಅರ್ಧ ಗಂಟೆಯನ್ನು ನನ್ನ ತಲೆ ಪೂರ್ತಿ ನುಂಗಿಬಿಟ್ಟಿತ್ತು. ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದ ಮೇಲೆ ನಿಧಾನವಾಗಿ ವಾಪಸ್ ಬಂತು. ಪಕ್ಕದಲ್ಲಿದ್ದ ಹುಡುಗ ಶಾಲು ಬಾಯಿಗೆ ಒತ್ತಿ ಹಿಡಿದಿದ್ದ. ಅಪ್ಪ ಒಂದು ಮಾತೂ ಆಡದೆ ಕಡಲೆಕಾಯಿ ಸುಲಿದು ಸುಲಿದು ಮಡಿಲಲ್ಲೇ ಬಿಟ್ಟಿದ್ದರು, ಒಂದೂ ತಿಂದಿರಲಿಲ್ಲ. ಆಮೇಲೆ 66ರಲ್ಲಿ ಮತ್ತೆ ಚೆಟ್ರಿ, 75ರಲ್ಲಿ ಹುವಾನನ್. 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ಆ ರಾತ್ರಿಯ ಖುಷಿ ಯಾಕೆ ಅಷ್ಟು ದೊಡ್ಡದಾಗಿತ್ತು ಅಂತ ಈಗ ಅರ್ಥವಾಯಿತು. ಅರ್ಧ ಗಂಟೆಯ ಭಯ ಅದರ ಕೆಳಗಿತ್ತು.

ದೋಹಾದಲ್ಲಿ ನಡೆದ ಆ ಫೈನಲ್ ಸಾಲು ಬೇಗ ಮುಗಿಯಿತು. ನವೆಂಬರ್ 5, ಇರಾಕಿನ ಏರ್ ಫೋರ್ಸ್ ಕ್ಲಬ್, 0-1.

2019ರ ಐಎಸ್‌ಎಲ್ ಫೈನಲ್ ಬಗ್ಗೆ ಅಪ್ಪ "ಟೈ ಬ್ರೇಕರ್‌ನಲ್ಲಿ ಗೆದ್ದದ್ದು" ಅಂದರು. ಅಲ್ಲ ಅಪ್ಪಾ, ಎಕ್ಸ್‌ಟ್ರಾ ಟೈಮಿನಲ್ಲಿ ರಾಹುಲ್ ಭೇಕೆ ಹೊಡೆದ ಗೋಲು, 117ನೇ ನಿಮಿಷ ಎಂದೆ. ಇನ್ನು ಮೂರು ನಿಮಿಷ ಕಳೆದಿದ್ದರೆ ಟೈ ಬ್ರೇಕರ್ರೇ ಆಗುತ್ತಿತ್ತು. ಆವತ್ತು ಟಿವಿ ಮುಂದೆ ಅಪ್ಪ ಮನಸ್ಸಿನಲ್ಲೇ ಪೆನಾಲ್ಟಿಗೆ ತಯಾರಾಗಿದ್ದಿರಬೇಕು. ಆ ಸಾಲು ಬರೆಯುವಾಗ ಕಣ್ಣು ಮೇಲಿನ ಸಾಲಿಗೆ ಹೋಯಿತು. ಹೊಸ ಪುಸ್ತಕದಲ್ಲಿ ಅಳಿಸಿಹೋದ ಪಂದ್ಯಗಳನ್ನಷ್ಟೇ ಬರೆಯುತ್ತಿದ್ದುದರಿಂದ ಎರಡೂ ಫೈನಲ್ ಒಂದರ ಕೆಳಗೆ ಒಂದು ಬಂದಿದ್ದವು. 2018ರ ಮಾರ್ಚ್ 17, ಕಂಠೀರವ, ಚೆನ್ನೈಯಿನ್ ಎದುರು 2-3 ಸೋಲು. 2019ರ ಮಾರ್ಚ್ 17, ಮುಂಬೈ, ಗೋವಾ ಎದುರು 1-0 ಗೆಲುವು. ಒಂದೇ ತಾರೀಕು! ಸರಿಯಾಗಿ ಒಂದು ವರ್ಷ. ಇಷ್ಟು ದಿನ ನನಗೆ ಕಂಡೇ ಇರಲಿಲ್ಲ. ನಮ್ಮ ಮೈದಾನದಲ್ಲಿ ನಮ್ಮ ಕಣ್ಣೆದುರೇ ಸೋತ ದಿನವೇ ಮರುವರ್ಷ ಗೆದ್ದಿದ್ದೆವು. ನಾನು ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದೆ. ಸುಮ್ನೆ ಕೂರಲು ಆಗಲಿಲ್ಲ.

ಇನ್ನು ಉಳಿದದ್ದು ನಾನು ಮುಂದೂಡುತ್ತಾ ಬಂದ ಸಾಲು. 2015ರ ಮೇ 31, ಭಾನುವಾರ.

ಐ-ಲೀಗಿನ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಗಾನ್. ಅವರ ಹತ್ತಿರ 38 ಅಂಕ, ನಮ್ಮ ಹತ್ತಿರ 36. ನಾವು ಗೆದ್ದರೆ 39 ಆಗಿ ಸತತ ಎರಡನೇ ಸಲ ಚಾಂಪಿಯನ್. ಡ್ರಾ ಆದರೂ ಸಾಕು, ಪಟ್ಟ ಅವರದ್ದು. ವಿರಾಮಕ್ಕೆ ಮೊದಲೇ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದರು. ಕಂಠೀರವ ಕುಣಿಯಿತು. ಕೊನೆಗೆ ಅವರಿಗೊಂದು ಕಾರ್ನರ್ ಸಿಕ್ಕಿತು. ಚೆಂಡು ತೇಲಿ ಬಂತು. ಹೆಡರ್. ಗೋಲು. 1-1. ಕೋಲ್ಕತ್ತದಿಂದ ಬಂದಿದ್ದವರು ಗ್ಯಾಲರಿಯಲ್ಲಿ ಅಳುತ್ತಾ ತಬ್ಬಿಕೊಂಡರು. 13 ವರ್ಷದ ಮೇಲೆ ಅವರಿಗೆ ಲೀಗ್ ಸಿಕ್ಕಿತ್ತು.

ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದದ್ದು ಒಂದೇ ಮಾತು: ಅದು 90 ನಿಮಿಷ ಮುಗಿದ ಮೇಲೆ ಕೊಡುವ ಇಂಜುರಿ ಟೈಮಿನ ಗೋಲು, ಏನೂ ಮಾಡಲು ಸಮಯವೇ ಇರಲಿಲ್ಲ. ಹೊಸ ಪುಸ್ತಕದಲ್ಲೂ 90+ ಎಂದು ಬರೆದೆ. ಆಮೇಲೆ ಹಳೆ ಹಾಳೆ ಬಿಡಿಸಿದೆ. ಆ ಸಾಲು ಅಳಿಸಿರಲಿಲ್ಲ. ಪಟ್ಟ ತಪ್ಪಿದ ಬೇಸರಕ್ಕೆ ಅದನ್ನು ಬಾಲ್ ಪೆನ್ನಿನಲ್ಲಿ ಬರೆದಿದ್ದೆ. ಸ್ಕೋರಿನ ಪಕ್ಕದಲ್ಲಿ ಚಿಕ್ಕದಾಗಿ ನನ್ನದೇ ಕೈಬರಹ: 87.

ಅಂದರೆ ಮೂರು ನಿಮಿಷ ಇತ್ತು. ಅದರ ಮೇಲೆ ಇಂಜುರಿ ಟೈಮ್ ಬೇರೆ. ಇನ್ನೊಂದು ಗೋಲು ಹೊಡೆಯಲು ನಮಗೆ ಸಮಯ ಇತ್ತು. ಆಗಲಿಲ್ಲ, ಅಷ್ಟೇ. ಅಷ್ಟು ವರ್ಷ ಹಿಡಿದುಕೊಂಡಿದ್ದ ಸಮಾಧಾನ ಕೈಜಾರಿದಂತೆ ಆಯಿತು. 90+ ಅನ್ನು ಹೊಡೆದು ಹಾಕಿ 87 ಎಂದು ಬರೆದೆ. ಕೈ ಭಾರವಾಗಿತ್ತು.

ಅಪ್ಪ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದರು. ಹಳೆಯದರ ಮೊದಲ ಪುಟ ತೆರೆದರು. 2013ರ ಆ ಮೊದಲ ಪಂದ್ಯ. ಅದೂ ಮೋಹನ್ ಬಗಾನ್, ಅದೂ 1-1, ಅದಕ್ಕೂ ಒಂದೇ ಅಂಕ. ಆವತ್ತು ಮನೆಗೆ ಹಬ್ಬದಂತೆ ಬಂದಿದ್ದೆವು, ದಾರಿಯಲ್ಲಿ ಮಸಾಲೆ ದೋಸೆ ತಿಂದುಕೊಂಡು. 2015ರಲ್ಲಿ ಅಷ್ಟೇ ಸ್ಕೋರು, ಅಷ್ಟೇ ಅಂಕ. ಮನೆವರೆಗೂ ಇಬ್ಬರೂ ಮಾತಾಡಿರಲಿಲ್ಲ.

"ಗೋಲು ಹೊಡೆದವನ ಹೆಸರೆಲ್ಲಿ?" ಅಪ್ಪ ಕೇಳಿದರು.

"ಯಾರದು? ಜಾನ್ಸನ್ ಬರೆದಿದೀನಲ್ಲ."

"ಅವರ ಕಡೆಯವನದ್ದು. 87 ಅಂತ ಬರೆದಿದೀಯ. ಯಾರು ಅಂತ ಬರೆದಿಲ್ಲ. ಅವನು ಹೊಡೆದದ್ದೂ ಗೋಲೇ ಅಲ್ವಾ?"

ನನಗೆ ಮಾತು ಹೊರಡಲಿಲ್ಲ. ಏಳು ಕಾಲಂ ಹಾಕಿದ್ದೆ. ಎದುರಾಳಿ ಆಟಗಾರರಿಗೆ ಒಂದೂ ಇರಲಿಲ್ಲ. ಹನ್ನೆರಡು ವರ್ಷದ ಪಂದ್ಯಗಳು, ಎದುರಿನವರ ಒಂದು ಹೆಸರೂ ಇಲ್ಲ. 2020ರಲ್ಲಿ ಭೂತಾನಿನ ಪಾರೊ ತಂಡವನ್ನು 9-1ರಿಂದ ಸೋಲಿಸಿದಾಗ ನಮ್ಮ ಒಂಬತ್ತು ಗೋಲನ್ನೂ ನಿಮಿಷದ ಸಮೇತ ಬರೆದಿದ್ದೆ. ಅಷ್ಟು ಗೋಲು ತಿಂದೂ ಒಂದು ಹೊಡೆದ ಹುಡುಗನಿಗೆ ಜಾಗ ಕೊಟ್ಟಿರಲಿಲ್ಲ. ಐಟಿಐ ಕಾಲದ ಪಂದ್ಯಗಳ ಕತೆ ಹೇಳುವಾಗ ಅಪ್ಪ ಎದುರು ತಂಡದವರ ಆಟವನ್ನೇ ಜಾಸ್ತಿ ಹೊಗಳುತ್ತಿದ್ದರು. ಅದು ನನಗೆ ಆಗ ಹೊಳೆದಿರಲಿಲ್ಲ.

ಸ್ಕೇಲು ತಗೊಂಡು ಹೊಸ ಪುಸ್ತಕದಲ್ಲಿ ಎಂಟನೇ ಕಾಲಂ ಎಳೆದೆ. ಬಾಲ್ ಪೆನ್ನಿನಲ್ಲೇ. ಜೊಹೊರ್ ಸಾಲಿಗೆ ಸಫೀಕ್ ರಹೀಮ್, 11. ದೋಹಾ ಸಾಲಿಗೆ ಹಮ್ಮಾದಿ ಅಹ್ಮದ್, 70. 2018ರ ಫೈನಲ್ಲಿಗೆ ಮೈಲ್ಸನ್ ಆಲ್ವೆಸ್ ಎರಡು ಸಲ, ರಫೇಲ್ ಅಗಸ್ಟೊ ಒಂದು ಸಲ. ಕೊನೆಗೆ 2015ಕ್ಕೆ ಬಂದೆ. ಬೆಲ್ಲೊ ರಜಾಕ್, 87.

ಅಪ್ಪ ಕನ್ನಡಕ ಸರಿ ಮಾಡಿಕೊಂಡು ಓದಿದರು. "ಹೆಡರ್ ಅಲ್ವಾ?"

"ಹೌದು. ಕಾರ್ನರಿಂದ."

"ಅದನ್ನೂ ಬರಿ."

ಬರೆದೆ.