ಆರು ದಿನ, ಐದು ಆಟ, ಒಂದು ರೈಲುಯಾನ

ಅಮೆರಿಕದ ಟೆನೆಸಿ ರಾಜ್ಯದಲ್ಲಿ ನ್ಯಾಶ್‌ವಿಲ್‌ನಿಂದ ಚಟನೂಗಾ ಕಡೆಗೆ ಒಂದೂವರೆ ಗಂಟೆ ಕಾರು ಓಡಿಸಿದರೆ ಬೆಟ್ಟದ ಮೇಲೆ ಸೆವಾನಿ ಸಿಗುತ್ತದೆ. ಊರೆಂದರೆ ಒಂದು ವಿಶ್ವವಿದ್ಯಾಲಯ; ಮಿಕ್ಕಿದ್ದು ಕಾಡು, ಮಂಜು.

ಅಮೆರಿಕನ್ ಫುಟ್‌ಬಾಲ್ ನನಗೆ ಈ ದೇಶಕ್ಕೆ ಬಂದು ಹತ್ತು ವರ್ಷವಾದರೂ ಒಗ್ಗಿಲ್ಲ. ಹೆಸರಿನಲ್ಲಿ ಕಾಲು, ಆಟದಲ್ಲೆಲ್ಲ ಕೈ. ಆದರೂ ಇಲ್ಲಿನ ವಿಶ್ವವಿದ್ಯಾಲಯದ 1899ರ ತಂಡದ ಕಥೆ ಕೇಳಿದ ಮೇಲೆ ಮೈಸೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡದೆ ಇರಲಾಗಲಿಲ್ಲ. ಅದು ಅರ್ಧ ರೈಲಿನ ಕಥೆ. ಅಪ್ಪ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು.

ಆ ವರ್ಷ ನೆರೆಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಹಣದ ವಿಚಾರಕ್ಕೆ ಮನಸ್ತಾಪವಾಗಿ, ಒಳ್ಳೆಯ ವರಮಾನ ತರುತ್ತಿದ್ದ ಪಂದ್ಯ ತಪ್ಪಿಹೋಯಿತು. ತಂಡದ ವ್ಯವಸ್ಥಾಪಕ ಲ್ಯೂಕ್ ಲೀ ಇನ್ನೂ ವಿದ್ಯಾರ್ಥಿ. ಆತ ಒಂದೇ ಪ್ರವಾಸಕ್ಕೆ ಬೇರೆ ವಿಶ್ವವಿದ್ಯಾಲಯ, ಕಾಲೇಜುಗಳ ತಂಡಗಳೊಡನೆ ಐದು ಪಂದ್ಯಗಳನ್ನು ಪೋಣಿಸಿಬಿಟ್ಟ. ನವೆಂಬರ್ 9ರ ಗುರುವಾರ ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿರುದ್ಧ 12-0 ಗೆಲುವು. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯುಲೇನ್ ವಿರುದ್ಧ 23-0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ವಿರುದ್ಧ 34-0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ವಿರುದ್ಧ 12-0.

“ನಿದ್ದೆ?” ಎಂದರು ಅಪ್ಪ.

“ರೈಲಿನಲ್ಲೇ, ಸ್ಲೀಪರ್ ಬೋಗಿಯಲ್ಲಿ.”

“ನೀರು?”

ಕಂಡವರ ಊರಿನ ನೀರು ಹೊಟ್ಟೆ ಕೆಡಿಸೀತೆಂದು ಸೆವಾನಿಯ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಿದ್ದರು ಎಂದೆ. ಅಪ್ಪನಿಗೆ ಇದು ಬಹಳ ಹಿಡಿಸಿತು. ನಮ್ಮ ಅಜ್ಜಿ ಕೂಜಾ ಇಲ್ಲದೆ ರೈಲು ಹತ್ತಿದವಳಲ್ಲ.

ಹೋಗಿದ್ದವರು 21 ಆಟಗಾರರು. ಚೆಂಡನ್ನು ಮುಂದಕ್ಕೆ ಎಸೆಯಲು 1906ರವರೆಗೂ ಅನುಮತಿಯಿರಲಿಲ್ಲ; ಹಾಗಾಗಿ ಆಟವೆಂದರೆ ಬರೀ ನೂಕು, ತಳ್ಳು, ಬೀಳು. ದಾಳಿ ಮಾಡಿದವರೇ ತಡೆಯಲೂ ನಿಲ್ಲಬೇಕು. ಹಾಗೆ ಜಜ್ಜಿಸಿಕೊಂಡ ಮೈಯನ್ನು ರಾತ್ರಿಯಿಡೀ ಬೋಗಿಯಲ್ಲಿ ಕುಲುಕಿಸಿಕೊಂಡು, ಬೆಳಗ್ಗೆ ಇಳಿದು ಮತ್ತೆ ಮೈದಾನಕ್ಕೆ!

ಆ ಋತುವಿನಲ್ಲಿ ಆಡಿದ 12 ಪಂದ್ಯಗಳನ್ನೂ ಸೆವಾನಿ ಗೆದ್ದಿತು. ಗಳಿಸಿದ ಅಂಕ 322, ಬಿಟ್ಟುಕೊಟ್ಟದ್ದು 10. ಆ ಹತ್ತನ್ನೂ ಕಿತ್ತುಕೊಂಡದ್ದು ಜಾನ್ ಹೈಸ್‌ಮನ್ ತರಬೇತಿಯ ಆಬರ್ನ್; ಫಲಿತಾಂಶ 11-10. ಶೂನ್ಯಗಳ ಸಾಲಿಗಿಂತ ನನಗೆ ಇದೇ ಹೆಚ್ಚು ಇಷ್ಟ, ಸೋಲಿನ ಬಿಸಿಯುಸಿರು ಒಮ್ಮೆಯಾದರೂ ತಗುಲಿದ ಆಟವಿದು. ಅಂದಹಾಗೆ ಲ್ಯೂಕ್ ಲೀ ಮುಂದೆ ಸೆನೆಟರ್ ಆದ. 1919ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರನನ್ನೇ ಎತ್ತಿಕೊಂಡು ಬರಲು ಹೊರಟು ಬರಿಗೈಯಲ್ಲಿ ಮರಳಿದ. ಆಳು ಅಂಥವನು.

ಎಲ್ಲ ಕೇಳಿದ ಅಪ್ಪ, “ಸುಮಾರು 4,000 ಕಿಲೋಮೀಟರ್. ರೈಲು ಒಮ್ಮೆ ಕೈಕೊಟ್ಟಿದ್ದರೆ?” ಎಂದರು.

“ಐದು ಆಟ ಆಗುತ್ತಿರಲಿಲ್ಲ.”

“ಗಾರ್ಡುಗಳ ಹೆಸರು ಎಲ್ಲಾದರೂ ಬರೆದಿದ್ದಾರೆಯೇ ನೋಡು” ಎಂದು ಫೋನ್ ಇಟ್ಟರು.