ಬಿಸಿನೀರಿನ ಅಂಚಿನಲ್ಲಿ ಮೊಣಕಾಲೂರಿ

ಬೆಳಗಿನ ಐದು ಗಂಟೆಗೆ ಲಮಾರ್ ಕಣಿವೆಯಲ್ಲಿ ಜೂನ್ ತಿಂಗಳಲ್ಲೂ ಹಲ್ಲು ಕಟಕಟಿಸುವ ಚಳಿ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಉತ್ತರ ಭಾಗದ ಈ ಹುಲ್ಲುಗಾವಲಿಗೆ ನಾವು ಒಂಬತ್ತು ವಿದ್ಯಾರ್ಥಿಗಳು ತೋಳ ಹುಡುಕಿಕೊಂಡು ಬಂದಿದ್ದೆವು. 1920ರ ದಶಕದ ಹೊತ್ತಿಗೆ ಇಲ್ಲಿನ ತೋಳಗಳನ್ನೆಲ್ಲ ಕೊಂದು ಮುಗಿಸಿದ್ದರು. 1995ರಲ್ಲಿ ಕೆನಡಾದಿಂದ 14 ತೋಳಗಳನ್ನು ತಂದು ಬಿಟ್ಟರು. ದೂರದರ್ಶಕಕ್ಕೆ ಕಣ್ಣಿಟ್ಟು ಎರಡು ಗಂಟೆ ಕಾದ ಮೇಲೆ ನದಿಯಾಚೆಯ ಇಳಿಜಾರಿನಲ್ಲಿ ಒಂದು ಕಪ್ಪು ಚುಕ್ಕೆ ಓಡಿ ಮರೆಯಾಯಿತು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು.

ದಾರಿಯಲ್ಲಿ ಬೈಸನ್ ಹಿಂಡು ರಸ್ತೆಗೆ ಅಡ್ಡ ನಿಂತದ್ದರಿಂದ ಬಿಸಿನೀರಿನ ಬುಗ್ಗೆಗಳ ಬಯಲನ್ನು ತಲುಪುವಾಗ ಮಧ್ಯಾಹ್ನವಾಯಿತು. ಬುಗ್ಗೆಯ ನಡುವೆ ತಿಳಿನೀಲಿ ನೀರು. ಹರಿದು ತಣಿಯುತ್ತ ಬಂದಂತೆ ಹಳದಿ, ಕಿತ್ತಳೆ, ಕಂದು. ನೀಲಿಯೊಂದನ್ನು ಬಿಟ್ಟು ಈ ಬಣ್ಣಗಳೆಲ್ಲ ಸೂಕ್ಷ್ಮಜೀವಿಗಳ ಲೋಳೆಯವು. ಯಾವ ಜೀವಿ ಎಷ್ಟು ಬಿಸಿ ತಾಳುತ್ತದೆಯೋ ಅಷ್ಟಕ್ಕೆ ಅದರ ಸರಹದ್ದು. ಮುಟ್ಟುವಂತಿಲ್ಲ. ಹಲಗೆದಾರಿಯ ಮೇಲೆ ಮೊಣಕಾಲೂರಿ ದೂರದಿಂದಲೇ ಶಾಖ ಅಳೆದೆ: ಹಳದಿ ಶುರುವಾಗುವಲ್ಲಿ 71 ಡಿಗ್ರಿ ಸೆಲ್ಸಿಯಸ್, ಕಿತ್ತಳೆಯಲ್ಲಿ 52.

1966ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಅವರೊಂದಿಗೆ ಈ ಬಯಲಿಗೆ ಬಂದ ಹಡ್ಸನ್ ಫ್ರೀಜ್ ಆಗಿನ್ನೂ ಪದವಿ ವಿದ್ಯಾರ್ಥಿ. ಮಶ್ರೂಮ್ ಪೂಲ್ ಎಂಬ ಬುಗ್ಗೆಯ ಮಾದರಿಯಿಂದ ಅವರು ಬೆಳೆಸಿದ ಬ್ಯಾಕ್ಟೀರಿಯವೇ ಥರ್ಮಸ್ ಅಕ್ವಾಟಿಕಸ್. ಬಿಸಿಗೆ ಕೆಡದ ಅದರ ಕಿಣ್ವದಿಂದಲೇ, ಡಿಎನ್‌ಎಯನ್ನು ಮತ್ತೆ ಮತ್ತೆ ಬಿಸಿಮಾಡಿ ತಣಿಸುತ್ತ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಜಗತ್ತಿನೆಲ್ಲೆಡೆಯ ಪ್ರಯೋಗಾಲಯಗಳಿಗೆ ಹಬ್ಬಿತು. ಕೊರೊನಾ ಕಾಲದಲ್ಲಿ ಶಿವಮೊಗ್ಗದ ಆಸ್ಪತ್ರೆಯೊಂದರ ಮುಂದೆ ಅಜ್ಜಿಯ ವರದಿಗಾಗಿ ಕಾದು ಕುಳಿತಿದ್ದು ನೆನಪಾಯಿತು. ಆ ಕಾಯುವಿಕೆಗೂ ಈ ಲೋಳೆಗೂ ನಂಟಿದೆ ಎಂದು ಅಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ, ಇನ್ನಷ್ಟು ತಣ್ಣಗಿದ್ದ ಕಂದು ಅಂಚಿನಲ್ಲಿ ಏನೋ ಮಿಸುಕಾಡಿತು. ನೊಣಗಳು! ಆ ಲೋಳೆಯನ್ನೇ ಮೇಯುತ್ತಿದ್ದವು, ಅದರ ಮೇಲೆಯೇ ಗಸಗಸೆಯಷ್ಟು ಸಣ್ಣ ಗುಲಾಬಿ ಮೊಟ್ಟೆಗಳನ್ನಿಟ್ಟಿದ್ದವು. ಒಂದು ನೊಣವಂತೂ ಗಾಳಿಗುಳ್ಳೆಯನ್ನು ಮೈಗೆ ಹೊದ್ದುಕೊಂಡು ನೀರಿನೊಳಗೇ ಇಳಿಯಿತು. ಮೂರೇ ಹೆಜ್ಜೆ ಆಚೆಗೆ ಕಿಲ್‌ಡಿಯರ್ ಎಂಬ ಹಕ್ಕಿ, ನಮ್ಮ ಟಿಟ್ಟಿಭದ ಬಳಗದ್ದು, ತುರುತುರು ಓಡಿಬಂದು ಆ ನೊಣಗಳನ್ನು ಹೆಕ್ಕತೊಡಗಿತು.

ನನ್ನ ಟಿಪ್ಪಣಿ ಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ವನ್ಯಜೀವಿ, ಬಲಕ್ಕೆ ಸೂಕ್ಷ್ಮಜೀವಿ ಎಂದು ಬರೆದುಕೊಂಡಿದ್ದೆ. ಹಕ್ಕಿಯ ಹೆಸರನ್ನು ಆ ಗೆರೆಯ ಮೇಲೆಯೇ ಬರೆದೆ.

ಆ ರಾತ್ರಿ ಊರಿಗೆ ಕರೆ ಮಾಡಿದೆ. ಅಲ್ಲಿ ಬೆಳಗಾಗಿತ್ತು. “ತೋಳ ಕಂಡಿತೇನೇ?” ಎಂದು ಅಜ್ಜಿ ಕೇಳಿದರು. ನಾನು ನೊಣದಿಂದ ಶುರುಮಾಡಿದೆ.