ಸ್ಟೈನ್‌ಬೆಕ್ ಓದುವಾಗ ಮಧ್ಯದ ಅಧ್ಯಾಯಗಳನ್ನು ಬಿಡಬಹುದಾ?

ಎಂ.ಎ. ಕೊನೆಯ ವರ್ಷ ನಾನು ಥೀಸಿಸ್ ಬರೆದದ್ದು ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಮೇಲೆ. ಆಮೇಲೆ ಅದೇ ಪುಸ್ತಕ ಕೈಗೆತ್ತಿಕೊಂಡ ಜೂನಿಯರ್‌ಗಳು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. “ಅಕ್ಕಾ, ಕಥೆ ತುಂಬಾ ಚೆನ್ನಾಗಿದೆ. ಆದ್ರೆ ಮಧ್ಯೆ ಮಧ್ಯೆ ಕಥೆಗೆ ಸಂಬಂಧವೇ ಇಲ್ಲದ ಅಧ್ಯಾಯ ಬರ್ತಾವಲ್ಲ, ಅವನ್ನ ಬಿಟ್ಟು ಓದಿದ್ರೆ ನಡೆಯಲ್ವಾ?”

ನಡೆಯಲ್ಲ. ನಾನು ಬಿಟ್ಟು ಓದಿದವಳೇ. ಅದಕ್ಕೇ ಉತ್ತರ ಸ್ವಲ್ಪ ಉದ್ದ.

ಪುಸ್ತಕ ಓದದವರಿಗೆ ಎರಡು ಮಾತು. ಇದು ಬಂದದ್ದು 1939ರಲ್ಲಿ. ಓಕ್ಲಹೋಮಾದಲ್ಲಿ ಮಳೆ ಕೈಕೊಟ್ಟಿದೆ, ಹೊಲ ಧೂಳಾಗಿ ಹಾರಿದೆ, ಜಮೀನು ಬ್ಯಾಂಕಿನ ಪಾಲಾಗಿದೆ. ಜೋಡ್ ಎಂಬ ಗೇಣಿ ರೈತರ ಕುಟುಂಬ ಹಳೇ ಹಡ್ಸನ್ ಕಾರನ್ನು ಕೊಯ್ದು ಟ್ರಕ್ ಮಾಡಿಕೊಂಡು, ಹಣ್ಣು ಬಿಡಿಸುವ ಕೆಲಸ ಸಿಗುತ್ತದೆಂಬ ಕರಪತ್ರ ನಂಬಿ, 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತದೆ. ಒಟ್ಟು 30 ಅಧ್ಯಾಯ. ಅದರಲ್ಲಿ ಜೋಡ್ ಕುಟುಂಬದ ಕಥೆ ಇರುವುದು 14ರಲ್ಲಿ ಮಾತ್ರ. ಉಳಿದ 16ರಲ್ಲಿ ಅವರಿಲ್ಲ. ಅಲ್ಲಿ ಧೂಳಿದೆ, ಆಮೆಯಿದೆ, ಟ್ರ್ಯಾಕ್ಟರ್ ಇದೆ, ಹೆಸರಿಲ್ಲದ ಜನರಿದ್ದಾರೆ. ಹೆಚ್ಚಿನವು ಚಿಕ್ಕವು, ಕೆಲವು ಎರಡು ಮೂರು ಪುಟದವು. ಬಿಡೋಣ ಅನ್ನಿಸುವುದು ಸಹಜ.

ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂದಿತ್ತು. ನಾನು ಜೋಡ್ ಅಧ್ಯಾಯಗಳನ್ನಷ್ಟೇ ಆರಿಸಿ ಓದಿ ಮುಗಿಸಿದೆ. ಬರೆದ ಮೊದಲ ವಾದ ಹೀಗಿತ್ತು: ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಈ ಬಿಳಿಯ ಕುಟುಂಬಗಳಿಗಿಂತ ಮುಂಚೆ ಮೆಕ್ಸಿಕೋ, ಫಿಲಿಪೀನ್ಸ್, ಜಪಾನ್, ಚೀನಾದಿಂದ ಬಂದವರು ದುಡಿದಿದ್ದಾರೆ, ಸ್ಟೈನ್‌ಬೆಕ್ ಅವರ ಸುದ್ದಿಯನ್ನೇ ಎತ್ತುವುದಿಲ್ಲ. ಒಳ್ಳೇ ವಾದ ಸಿಕ್ಕಿತೆಂದು ಖುಷಿಯಲ್ಲಿದ್ದೆ. ಗೈಡ್ ಮೇಡಂ ಓದಿದರು. ಪುಟ ತಿರುವಿ ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು: “19ನೇ ಅಧ್ಯಾಯದಲ್ಲಿ ಏನಿದೆಯಮ್ಮ?”

ನಾನು ಬಾಯಿ ತೆರೆಯಲಿಲ್ಲ. ಅವರು ತಮ್ಮ ಪ್ರತಿ ತೆಗೆದು, ಆ ಪುಟ ಬಿಡಿಸಿ, ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

ಕ್ಯಾಲಿಫೋರ್ನಿಯಾ ಒಂದು ಕಾಲದಲ್ಲಿ ಮೆಕ್ಸಿಕೋದ್ದಾಗಿತ್ತು ಅಂತಲೇ ಆ ಅಧ್ಯಾಯ ಶುರುವಾಗುತ್ತದೆ. ನೆಲದ ಹಸಿವಿನ ಅಮೆರಿಕನ್ನರು ಬಂದು ಅದನ್ನು ಕಿತ್ತುಕೊಂಡರು. ಕಿತ್ತುಕೊಂಡವರೇ ಒಡೆಯರಾದರು. ಬೇಸಾಯ ವ್ಯಾಪಾರವಾಯಿತು. ಒಡೆಯರು ಹೊಲಕ್ಕೆ ಹೋಗುವುದನ್ನೇ ಬಿಟ್ಟು ಕಾಗದದ ಮೇಲೆ ಕೃಷಿ ಮಾಡಿದರು. ದುಡಿಯಲು ಹೊರದೇಶದವರನ್ನು ತಂದರು. ನಾನು ‘ಇಲ್ಲ’ ಎಂದು ಬರೆದ ನಾಲ್ಕೂ ಜನರ ಹೆಸರು ಅಲ್ಲಿ ಸಾಲಾಗಿ ನಿಂತಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ತುಂಬಾ ನಾಚಿಕೆಯಾಯಿತು.

ನನ್ನ ದೂರು ಪೂರ್ತಿ ತಪ್ಪೇನಲ್ಲ, ಅದನ್ನು ಈಗಲೂ ಹೇಳುತ್ತೇನೆ. ಜೋಡ್‌ಗಳಿಗೆ ಸಿಕ್ಕ ಮುಖ, ಮಾತು, ಊಟ, ಜಗಳ ಆ ಕೂಲಿಗಳಿಗೆ ಸಿಗಲಿಲ್ಲ. ಆದರೆ ಸ್ಟೈನ್‌ಬೆಕ್‌ಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಿತ್ತು, ಬರೆದಿದ್ದಾನೆ, ಆದರೆ ನಾನು ಹಾರಿಸಿದ ಅಧ್ಯಾಯದಲ್ಲಿ ಬರೆದಿದ್ದಾನೆ. ಹಾಗಾದರೆ ಯಾವುದನ್ನು ಕುಟುಂಬದ ಕಥೆಯಲ್ಲಿ ಇಟ್ಟ, ಯಾವುದನ್ನು ಹೊರಗಿಟ್ಟ, ಯಾಕೆ? ಕೊನೆಗೆ ನನ್ನ ಥೀಸಿಸ್ ಆದದ್ದು ಈ ಪ್ರಶ್ನೆಯೇ.

ಮತ್ತೆ ಮೊದಲಿನಿಂದ ಓದಿದೆ, ಒಂದನ್ನೂ ಬಿಡದೆ. ಆಗ ಕಂಡದ್ದು ಅಧ್ಯಾಯಗಳ ಜೋಡಿಗಳು. ಮಧ್ಯದ ಅಧ್ಯಾಯದಲ್ಲಿ ಯಾರಿಗೋ ಆದದ್ದು ಮುಂದಿನ ಅಧ್ಯಾಯದಲ್ಲಿ ಹೆಸರಿರುವ ಒಬ್ಬರಿಗೆ ಆಗುತ್ತದೆ. 9ರಲ್ಲಿ ಊರೂರಿನ ಜನ ನೇಗಿಲು, ಕುದುರೆ, ಮನೆ ಸಾಮಾನನ್ನೆಲ್ಲ ಸಿಕ್ಕಿದ ಬೆಲೆಗೆ ಮಾರುತ್ತಾರೆ. 10ರಲ್ಲಿ ಜೋಡ್ ಮನೆಯ ಗಂಡಸರು ಎಲ್ಲ ಮಾರಿ 18 ಡಾಲರ್ ತರುತ್ತಾರೆ. ಅದೇ ರಾತ್ರಿ ಅಮ್ಮ ಒಬ್ಬಳೇ ಕೂತು ಹಳೇ ಪೆಟ್ಟಿಗೆ ತೆಗೆದು, ಕಿವಿಯೋಲೆ, ಉಂಗುರದಂಥ ಒಂದೆರಡು ಚಿಕ್ಕ ವಸ್ತು ಇಟ್ಟುಕೊಂಡು, ಕಾಗದ ಪತ್ರ, ಫೋಟೋಗಳ ಸಮೇತ ಪೆಟ್ಟಿಗೆಯನ್ನು ಒಲೆಗೆ ಹಾಕುತ್ತಾಳೆ. 9 ಓದದೆ ಇದನ್ನು ಓದಿದಾಗ ನನಗೆ ಅವಳೊಬ್ಬಳ ದುಃಖ ಕಂಡಿತ್ತು. ಓದಿಕೊಂಡು ಬಂದಾಗ, ಆ ರಾತ್ರಿ ಎಷ್ಟು ಮನೆಗಳಲ್ಲಿ ಒಲೆ ಹೀಗೇ ಉರಿದಿರಬಹುದು ಅನ್ನಿಸಿತು.

7ರಲ್ಲಿ ಹಳೇ ಕಾರು ಮಾರುವವರ ಗದ್ದಲ. ಸದ್ದು ಮಾಡುವ ಗೇರಿಗೆ ಮರದ ಹೊಟ್ಟು ತುಂಬಿಸಿ ಮಾರುವ ಕಳ್ಳ ವಿದ್ಯೆ ಅಲ್ಲಿದೆ. 12ರಲ್ಲಿ ಹೆದ್ದಾರಿಯ ಮೇಲೆ ಯಾರೋ ಎಂಜಿನ್ನಿನ ಸದ್ದನ್ನು ಕಿವಿಯಿಂದ, ಅಂಗೈಯಿಂದ ಕೇಳಿಸಿಕೊಳ್ಳುತ್ತಾ ಓಡಿಸುತ್ತಿದ್ದಾರೆ. ಆಮೇಲೆ 13ರಲ್ಲಿ ಜೋಡ್ ಮನೆಯ ಆಲ್ ಎಂಬ ಹುಡುಗ ಹಡ್ಸನ್ನಿನ ಸ್ಟೀರಿಂಗ್ ಹಿಡಿದು ಮೈಯೆಲ್ಲ ಕಿವಿ ಮಾಡಿ ಕೂತಿರುತ್ತಾನೆ. ಬರೀ ಕಥೆ ಓದಿದವರಿಗೆ ಅವನು ಕಾರಿನ ಹುಚ್ಚಿನ ಹುಡುಗ. ಎಲ್ಲ ಓದಿದವರಿಗೆ ಗೊತ್ತು, ಆ ಗೇರ್‌ಬಾಕ್ಸಿನ ಒಳಗೆ ಏನು ಬೇಕಾದರೂ ಇರಬಹುದು.

ನಮ್ಮ ಕರಾವಳಿಯ ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ: ಯಕ್ಷಗಾನದ ಆಟಕ್ಕೆ ಹೋಗಿ, ಭಾಗವತರು ಪದ ಎತ್ತಿದಾಗಲೆಲ್ಲ ಚಹಾ ಕುಡಿಯಲು ಎದ್ದುಹೋದರೆ ಪ್ರಸಂಗ ಎಷ್ಟು ಸಿಕ್ಕೀತು?

ಇನ್ನೂ ಸಂಶಯ ಇದ್ದರೆ 15ನೇ ಅಧ್ಯಾಯ ಒಂದನ್ನು ಓದಿ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಅಧ್ಯಾಯ ಅದು. ಹೆದ್ದಾರಿ ಬದಿಯ ಹೋಟೆಲು. ಗಲ್ಲೆಯಲ್ಲಿ ಮೇ ಎಂಬ ಹೆಂಗಸು, ಒಳಗೆ ಅಡುಗೆಯವನು. ವಲಸೆ ಹೊರಟ ಒಬ್ಬ ಬಡವ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದು, ಹತ್ತು ಸೆಂಟಿನಷ್ಟು ಬ್ರೆಡ್ ಕೊಡಿ ಅನ್ನುತ್ತಾನೆ. ಬ್ರೆಡ್ಡಿಗೆ ಹದಿನೈದು ಸೆಂಟು. ಮೇಗೆ ಇಂಥವರನ್ನು ಕಂಡರೆ ಸಿಡುಕು, ಆಗಲ್ಲ ಅನ್ನುತ್ತಾಳೆ. ಹತ್ತು ಸೆಂಟಿನಷ್ಟು ಕತ್ತರಿಸಿ ಕೊಡಿ ಅಂತ ಅವನು ಬೇಡುತ್ತಾನೆ. ಪೂರ್ತಿ ಕೊಟ್ಟು ಕಳಿಸು ಅಂತ ಒಳಗಿನಿಂದ ಅಡುಗೆಯವನು ಗದರುತ್ತಾನೆ. ಚೀಲದಿಂದ ದುಡ್ಡು ತೆಗೆಯುವಾಗ ಜೊತೆಗೆ ಒಂದು ಸೆಂಟಿನ ಬಿಲ್ಲೆ ಬರುತ್ತದೆ. ವಾಪಸ್ ಹಾಕಬೇಕು, ಅಷ್ಟರಲ್ಲಿ ಹುಡುಗರು ಗಾಜಿನ ಹಿಂದಿನ ಪಟ್ಟೆ ಪಟ್ಟೆ ಮಿಠಾಯಿ ನೋಡುತ್ತಾ ಉಸಿರು ಬಿಗಿಹಿಡಿದು ನಿಂತದ್ದು ಅವನ ಕಣ್ಣಿಗೆ ಬೀಳುತ್ತದೆ. ಅದು ಒಂದು ಸೆಂಟಿನದಾ ಅಂತ ಕೇಳುತ್ತಾನೆ. ಮೇ ಸ್ವಲ್ಪ ತಡೆದು, ಇಲ್ಲ, ಸೆಂಟಿಗೆ ಎರಡು ಅನ್ನುತ್ತಾಳೆ.

ಅವರು ಹೋದ ಮೇಲೆ ಅಲ್ಲೇ ಕೂತಿದ್ದ ಇಬ್ಬರು ಲಾರಿ ಡ್ರೈವರ್‌ಗಳಲ್ಲಿ ಒಬ್ಬ ಹೇಳುತ್ತಾನೆ, ಅದು ಒಂದೊಂದಕ್ಕೆ ಐದು ಸೆಂಟಿನ ಮಿಠಾಯಿ ಅಂತ. ನಿನಗೇನು ಅಂತ ಮೇ ರೇಗುತ್ತಾಳೆ. ಇಬ್ಬರು ಡ್ರೈವರ್‌ಗಳೂ ತಿಂದದ್ದಕ್ಕಿಂತ ಎಷ್ಟೋ ಜಾಸ್ತಿ ದುಡ್ಡು ಮೇಜಿನ ಮೇಲಿಟ್ಟು ಹೋಗುತ್ತಾರೆ. ಯಾರೂ ಒಳ್ಳೇ ಮಾತು ಒಂದನ್ನೂ ಆಡುವುದಿಲ್ಲ.

ಇದಕ್ಕೆ ಮೊದಲು, 13ರಲ್ಲಿ, ಪೆಟ್ರೋಲ್ ಬಂಕಿನವನೊಬ್ಬ ಜೋಡ್‌ಗಳನ್ನು ಕಂಡ ಕೂಡಲೇ ದುಡ್ಡಿದೆಯಾ ಅಂತ ಕೇಳಿರುತ್ತಾನೆ. ಅಲ್ಲಿ ನಾವು ಟ್ರಕ್ಕಿನಲ್ಲಿ ಕೂತು ಅವನನ್ನು ನೋಡುತ್ತೇವೆ, ಸಿಟ್ಟು ಬರುತ್ತದೆ. 15ರಲ್ಲಿ ನಾವು ಗಲ್ಲೆಯ ಒಳಗೆ ನಿಂತಿದ್ದೇವೆ. ದಿನವಿಡೀ ಬಂದು ನೀರು ಕೇಳುವವರ ಸಾಲು ಅಲ್ಲಿಂದ ಕಾಣುತ್ತದೆ. ಜೋಡ್‌ಗಳ ಕಥೆಯೊಳಗೇ ಉಳಿದಿದ್ದರೆ ನಾವು ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಅಲ್ವಾ?

ಇದೆಲ್ಲ ಸ್ಟೈನ್‌ಬೆಕ್‌ಗೆ ಸುಮ್ನೆ ಕೂತಲ್ಲಿ ಹೊಳೆದದ್ದಲ್ಲ. 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್ ಪತ್ರಿಕೆಗಾಗಿ ವಲಸೆ ಕೂಲಿಗಳ ಕ್ಯಾಂಪುಗಳನ್ನು ಸುತ್ತಿ ಏಳು ಲೇಖನ ಬರೆದ. 1938ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾ ಕಡೆ ನೆರೆ ಬಂದಾಗ ನೀರಲ್ಲಿ ಸಿಕ್ಕಿಬಿದ್ದ ಕುಟುಂಬಗಳ ನಡುವೆ ಓಡಾಡಿದ. ಅದೇ ವಿಷಯದ ಮೇಲೆ ಬರೆದ ಒಂದು ವಿಡಂಬನೆಯ ಪುಸ್ತಕವನ್ನು, ಸರಿಯಾಗಿಲ್ಲವೆಂದು ತಾನೇ ನಾಶಮಾಡಿದ. ಆಮೇಲೆ ಮೇ ತಿಂಗಳ ಕೊನೆಗೆ ಶುರುಮಾಡಿ ಅಕ್ಟೋಬರ್ ಕೊನೆಯೊಳಗೆ ಈ ದೊಡ್ಡ ಕಾದಂಬರಿಯನ್ನು ಕೈಯಲ್ಲಿ ಬರೆದು ಮುಗಿಸಿದ. ಹೆಂಡತಿ ಕ್ಯಾರಲ್ ಟೈಪ್ ಮಾಡಿದಳು, ಹೆಸರು ಕೊಟ್ಟವಳೂ ಅವಳೇ. ಆ ದಿನಗಳಲ್ಲಿ ಅವನು ಡೈರಿ ಇಟ್ಟಿದ್ದ. ಮಧ್ಯದ ಅಧ್ಯಾಯಗಳನ್ನು ಅದರಲ್ಲಿ ‘ಜನರಲ್’ ಅಧ್ಯಾಯ ಎಂದು ಕರೆದಿದ್ದಾನೆ. ಥೀಸಿಸ್ ಬರೆಯುವವರು ಆ ಡೈರಿಯನ್ನು ಓದಲೇಬೇಕು. ತನ್ನ ಕೈಲಿ ಆಗುತ್ತದೋ ಇಲ್ಲವೋ ಎಂಬ ಭಯ ಅದರ ತುಂಬ ಇದೆ.

ಇನ್ನೊಂದು ಹೆಸರನ್ನೂ ಬಿಡಬೇಡಿ: ಸನೋರಾ ಬ್ಯಾಬ್. ಅದೇ ಕ್ಯಾಂಪುಗಳಲ್ಲಿ ದುಡಿದು, ಅದೇ ಜನರ ಬಗ್ಗೆ ಕಾದಂಬರಿ ಬರೆದವಳು. ಸ್ಟೈನ್‌ಬೆಕ್‌ನ ಪುಸ್ತಕ ಮೊದಲು ಬಂದು ಗೆದ್ದದ್ದರಿಂದ ಅವಳದ್ದನ್ನು ಪ್ರಕಾಶಕರು ಕೈಬಿಟ್ಟರು. ಅದು ಅಚ್ಚಾದದ್ದು 2004ರಲ್ಲಿ. ಸ್ಟೈನ್‌ಬೆಕ್ ಮೇಲಿನ ಥೀಸಿಸ್‌ನಲ್ಲಿ ಅವಳಿಗೆ ಒಂದು ಪುಟವಾದರೂ ಸಲ್ಲಬೇಕು.

ಹೇಗೆ ಓದಲಿ ಅಂತ ಕೇಳುವವರಿಗೆ ನಾನು ಹೇಳುವ ದಾರಿ ಇಷ್ಟೇ. ಮೊದಲು 1 ಮತ್ತು 29 ಓದಿ. ಎರಡೂ ಚಿಕ್ಕವು, ಎರಡರಲ್ಲೂ ಕಥೆಯ ಪಾತ್ರಗಳಿಲ್ಲ. 1ರಲ್ಲಿ ಮೆಕ್ಕೆಜೋಳವೆಲ್ಲ ಒಣಗಿದೆ. ಗಂಡಸರು ಬೇಲಿಯ ಹತ್ತಿರ ನಿಂತು ಹೊಲ ನೋಡುತ್ತಿದ್ದಾರೆ. ಹೆಂಗಸರು ಹೊಲ ನೋಡುತ್ತಿಲ್ಲ, ಗಂಡಸರ ಮುಖ ನೋಡುತ್ತಿದ್ದಾರೆ. ಇವರು ಈ ಸಲ ಕುಸಿಯುತ್ತಾರಾ ಅಂತ. ಮುಖ ಗಟ್ಟಿಯಾಗಿ, ಸಿಟ್ಟು ಬಂದದ್ದು ಕಂಡಾಗ ಅವರಿಗೆ ಉಸಿರು ಬರುತ್ತದೆ. 29ರಲ್ಲಿ ಕ್ಯಾಲಿಫೋರ್ನಿಯಾ, ಬಿಡದ ಮಳೆ, ಕೆಲಸವಿಲ್ಲ, ಊಟವಿಲ್ಲ. ಹೆಂಗಸರು ಮತ್ತೆ ಅದೇ ಥರ ಗಂಡಸರ ಮುಖ ನೋಡುತ್ತಿದ್ದಾರೆ. ಭಯ ಸಿಟ್ಟಾಗಿ ತಿರುಗಿದ್ದು ಕಂಡು ಮತ್ತೆ ಅದೇ ಥರ ಉಸಿರು ಬಿಡುತ್ತಾರೆ.

ಆಮೇಲೆ ಪುಸ್ತಕವನ್ನು ಮೊದಲಿನಿಂದ, ಒಂದನ್ನೂ ಹಾರಿಸದೆ, 30ರವರೆಗೆ ಓದಿ. ಕೊನೆಯ ದೃಶ್ಯ ಒಂದು ಕೊಟ್ಟಿಗೆಯಲ್ಲಿ. ಹಸಿವಿನಿಂದ ಸಾಯುತ್ತಿರುವ ಗುರುತಿಲ್ಲದ ಒಬ್ಬ ಮನುಷ್ಯ ಮಲಗಿದ್ದಾನೆ. ಜೋಡ್ ಮನೆಯ ಮಗಳು ಹಸಿ ಬಾಣಂತಿ, ಕೂಸು ಸತ್ತು ಹುಟ್ಟಿದೆ. ಅವಳು ಏನು ಮಾಡುತ್ತಾಳೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನೀವು ಅದಕ್ಕಿಂತ ಒಂದು ಕ್ಷಣ ಮುಂಚೆ ನಿಂತು ನೋಡಿ. ಅಲ್ಲಿ ಗಂಡಸರೂ ಇದ್ದಾರೆ, ಆದರೆ ಈ ಸಲ ಯಾವ ಹೆಂಗಸೂ ಅವರ ಮುಖ ನೋಡುತ್ತಿಲ್ಲ. ಅಮ್ಮ ಮಗಳ ಕಣ್ಣನ್ನು ನೋಡುತ್ತಾಳೆ, ಮಗಳು ಅಮ್ಮನ ಕಣ್ಣನ್ನು.